ಗೋಡೆಯೊಳಗಿನ ಹೆಪ್ಪು

ಕಳೆದ ತಿಂಗಳು ನಮ್ಮ ಮನೆಗೆ ಹೊಸ ವೈಫೈ ಪೆಟ್ಟಿಗೆ ಕೂರಿಸಲು ಬಂದಾತ ನಡುಮನೆಯ ಗೋಡೆ ನೋಡಿ, ಕೈಯಲ್ಲಿದ್ದ ಡ್ರಿಲ್ಲನ್ನು ಕೆಳಗಿಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಂತುಬಿಟ್ಟ. ತಲೆ ನರೆತ, ಕೆಲಸ ಬಲ್ಲ ಮನುಷ್ಯ.

"ಮೇಡಂ, ಯಾರು ಎಳ್ದಿದ್ದು ಈ ವೈರು?"

"ಯಾಕ್ರೀ, ಏನಾಯ್ತು?"

"ಇಪ್ಪತ್ತು ವರ್ಷದಿಂದ ಜನರ ಮನೆ ಗೋಡೆ ನೋಡ್ತಾ ಇದ್ದೀನಿ. ಇಷ್ಟು ನೆಟ್ಟಗಿರೋ ಪಟ್ಟಿ ನೋಡಿಲ್ಲ. ಮೂಲೇಲಿ ಹೆಂಗ್ ತಿರುಗ್ಸಿದ್ದಾರೆ ನೋಡಿ!"

ನನಗೆ ನಗು ಬಂತು. ಆ ಬಿಳಿ ಪ್ಲಾಸ್ಟಿಕ್ ಪಟ್ಟಿ ಹೊಡೆದು ಅದರೊಳಗೆ ವೈರು ಎಳೆದವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಮೇಲಿಂದಲೇ ಬೈಯುತ್ತಾರೆ. "ಟೆಲಿಫೋನ್ ಕಂಬದ ಮೇಲೆ ಲೈನ್‌ಮನ್ ಎಸ್ರು ಯಾರಾನ ಬರೀತಾರೇನಮ್ಮ? ಮಾತು ಕೇಳಿಸಿದ್ರೆ ಸಾಕು" ಎನ್ನುತ್ತಿದ್ದ ಆಸಾಮಿ ಅವರು. ಮೂವತ್ತು ಚಿಲ್ಲರೆ ವರ್ಷ ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವರು. ಹೆಬ್ಬಾಳದಿಂದ ಯಲಹಂಕದವರೆಗೆ ಯಾವ ಕಂಬ ಎಲ್ಲಿ ವಾಲಿತ್ತು ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದರು. ನಮ್ಮ ಪುಟ್ಟೇನಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇದ್ದ ಮನೆತನ. ಬೀದಿಗೆಲ್ಲ ಅವರು ಲೈನಣ್ಣ. ನನಗೂ ಅಷ್ಟೇ.

ಲೈನಣ್ಣ ನಮ್ಮ ಮನೆಗೆ ಬಂದದ್ದು ನಮ್ಮ ಮಾನ ಹೋದ ಮೇಲೆ. ಅದನ್ನು ಹೇಳಬೇಕಾದರೆ ಮೊದಲು ಮನೆಯ ಅವತಾರ ಹೇಳಬೇಕು. ನಾನು ಮನೆಯಲ್ಲೇ ಕೂತು ಪುಸ್ತಕಗಳಿಗೆ ಪುಟ ಕಟ್ಟುವವಳು. ಬರೆದವರ ಕೈಬರಹ ಟೈಪ್ ಮಾಡಿ, ತಿದ್ದಿ, ಚಿತ್ರ ಕೂರಿಸಿ, ಅಚ್ಚಿಗೆ ಹೋಗುವ ಹಾಗೆ ಮಾಡಿಕೊಡುವುದು ನನ್ನ ಕಸುಬು. ನಡುವೆ ಲಗ್ನಪತ್ರಿಕೆಯನ್ನೂ ಮಾಡುತ್ತೇನೆ. ನನ್ನ ಕಂಪ್ಯೂಟರ್ ನಡುಮನೆಯಲ್ಲಿ. ಯಶವಂತಪುರದ ಗೋದಾಮೊಂದರಲ್ಲಿ ಕೆಲಸ ಮಾಡುವ ನನ್ನ ಯಜಮಾನರ ಲ್ಯಾಪ್‌ಟಾಪು ಮಲಗುವ ಕೋಣೆಯಲ್ಲಿ. ಕಾಲೇಜಿಗೆ ಹೋಗುವ ಮಗಳು ಅನುವಿನದು ಮಹಡಿಯಲ್ಲಿ. ನನ್ನ ಹಳೆಯ ಕಂಪ್ಯೂಟರ್ ಅತ್ತೆಯ ಕೋಣೆಗೆ ಹೋಗಿ, ಹರಿಕಥೆ ಕೇಳಿಸುವ ಕೆಲಸ ಮಾಡುತ್ತಿತ್ತು. ನಾಲ್ಕು ಕಂಪ್ಯೂಟರ್, ಒಂದೇ ಪೆನ್‌ಡ್ರೈವ್. ಅದು ಇಡೀ ದಿನ ಮನೆ ತುಂಬ ಓಡಾಡುತ್ತಿತ್ತು. ಯಜಮಾನರು ರಜೆಯ ದಿನ ನನಗೆ ಕರಡು ತಿದ್ದಿಕೊಡುತ್ತಿದ್ದರು. ಅವರು ತಿದ್ದಿದ್ದು ಒಂದು ಫೈಲು, ನನ್ನ ಹತ್ತಿರ ಇರುವುದು ಇನ್ನೊಂದು. 'ಫೈನಲ್', 'ಫೈನಲ್ ಎರಡು', 'ನಿಜವಾದ ಫೈನಲ್', 'ದೇವರಾಣೆ ಫೈನಲ್' ಎಂದೆಲ್ಲ ಹೆಸರಿಟ್ಟರೂ ಅಚ್ಚಿಗೆ ಹೋಗುತ್ತಿದ್ದುದು ಮಾತ್ರ ತಪ್ಪಿದ್ದೇ.

ಒಮ್ಮೆ ಹೀಗೆಯೇ ಹೆಬ್ಬಾಳದ ಕಡೆಯ ಒಂದು ಲಗ್ನಪತ್ರಿಕೆಯಲ್ಲಿ ವರನ ಸೋದರಮಾವನ ಹೆಸರು ಬಿಟ್ಟುಹೋಯಿತು. ಸೋದರಮಾವ ಎಂದರೆ ಸಾಮಾನ್ಯವೇ? ಆ ಮಹಾನುಭಾವರು ಮದುವೆಗೇ ಬರುವುದಿಲ್ಲ ಎಂದು ಕೂತರು. ನಾನೇ ಅವರ ಮನೆಗೆ ಹೋಗಿ, ಕುಂಕುಮ ಹಚ್ಚಿಸಿಕೊಂಡು, ಬೈಸಿಕೊಂಡು, ಹೊಸ ಪತ್ರಿಕೆ ಕೊಟ್ಟು ಬಂದೆ. ಆವತ್ತು ಬೀದಿಯಲ್ಲಿ ನಿಂತು ಗಂಡನ ಮೇಲೆ ನಾನು ಕೂಗಾಡುತ್ತಿದ್ದಾಗ ಸೈಕಲ್ಲು ತಳ್ಳಿಕೊಂಡು ಹೋಗುತ್ತಿದ್ದ ಲೈನಣ್ಣ ನಿಂತು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಜೇಬಿನಿಂದ ಪುಟ್ಟ ಬಾಚಣಿಗೆ ತೆಗೆದು, ಇದ್ದ ನಾಲ್ಕು ಕೂದಲನ್ನು ಬಾಚಿಕೊಂಡರು. ಅದು ಅವರು ಕೆಲಸಕ್ಕೆ ಇಳಿಯುವ ಸೂಚನೆ ಎಂದು ನನಗಾಗ ಗೊತ್ತಿರಲಿಲ್ಲ.

"ಬೈಬ್ಯಾಡ ಕಣಮ್ಮ ಅವ್ರನ್ನ. ನಿಮ್ಮನೇಲಿ ಲೈನ್ ಇಲ್ಲ, ಅಷ್ಟೇಯ."

"ನಿಮಗೆ ಕಂಪ್ಯೂಟರ್ ಬರುತ್ತಾ ಅಣ್ಣ?"

"ಕಂಪ್ಯೂಟ್ರು ಬರಲ್ಲ. ಎರಡು ಕಂಪ್ಯೂಟ್ರು ಮಧ್ಯ ಏನೈತೋ, ಅದು ಮಾತ್ರ ಬರ್ತೈತೆ."

ಇಂಥ ಉತ್ತರ ಕೊಟ್ಟವರನ್ನು ಮನೆಯೊಳಗೆ ಕರೆಯದೆ ಇರಲು ಸಾಧ್ಯವೇ? ಮರುದಿನ ವೈರಿನ ಸುರುಳಿ ಹೆಗಲಿಗೆ ಹಾಕಿಕೊಂಡು ಬಂದರು. ಯಜಮಾನರಿಗೆ ಅನುಮಾನ. "ಅಲ್ಲಾ ಅಣ್ಣ, ಈಗೆಲ್ಲ ಇಂಟರ್ನೆಟ್ಟಲ್ಲೇ ಇಟ್ಕೋಬಹುದಲ್ಲ? ಈ ವೈರೆಲ್ಲ ಯಾಕೆ?" ಎಂದರು. ಲೈನಣ್ಣ ಏಣಿಯ ಮೇಲಿಂದಲೇ ತಿರುಗಿ, "ಅಡಿಗೆಮನೆಯಿಂದ ನಡುಮನೆಗೆ ಕರಿಬೇವು ಕೊಡಕ್ಕೆ ಯಶವಂತಪುರದ ಮಾರ್ಕೆಟ್ಟಿಗೆ ಓಗಿ ಬರ್ತೀರಾ ಸಾಮಿ?" ಎಂದು ಕೇಳಿದರು. ಯಜಮಾನರು ಸುಮ್ಮನೆ ಏಣಿ ಹಿಡಿದುಕೊಂಡರು.

ಎಂಟು ದಿನ ಕೆಲಸ ನಡೆಯಿತು. ಒಂದು ಮೊಳೆಯೂ ಸೊಟ್ಟಗಿಲ್ಲ. ಪ್ರತಿ ಮೂಲೆಯಲ್ಲಿಯೂ ಎರಡು ಗೇಣು ವೈರನ್ನು ಸುತ್ತಿ ಪಟ್ಟಿಯೊಳಗೆ ಹೆಚ್ಚಿಗೆ ಬಿಡುತ್ತಿದ್ದರು. ಅತ್ತೆ ತಮ್ಮ ಕೋಣೆಯ ಬಾಗಿಲಲ್ಲಿ ಕೂತು, "ಅಷ್ಟೊಂದು ಯಾಕಪ್ಪಾ ವೇಸ್ಟು?" ಎಂದು ಆಕ್ಷೇಪ ತೆಗೆದರು.

"ಬಿಗಿಯಾಗ್ ಎಳೆದ್ರೆ ಕಿತ್ಕೊಂಡ್ ಬರ್ತೈತೆ ಅಕ್ಕ. ವಸಿ ಸಡ್ಲ ಬಿಡ್ಬೇಕು, ಸೊಸೇರಿಗೆ ಬಿಟ್ಟಂಗೆ."

ಅತ್ತೆ ಆ ಮಾತಿಗೆ ಒಂದು ವಾರ ಮುನಿಸಿಕೊಂಡಿದ್ದರು. ನಾನು ಆ ವಾರ ಪೂರ್ತಿ ಲೈನಣ್ಣನಿಗೆ ಎರಡೆರಡು ಲೋಟ ಕಾಫಿ ಕೊಟ್ಟೆ.

ಎಲ್ಲ ವೈರುಗಳೂ ನನ್ನ ಮೇಜಿನ ಕೆಳಗಿನ ಒಂದು ಪುಟ್ಟ ಪೆಟ್ಟಿಗೆಗೆ ಬಂದು ಸೇರಿದವು. ನನ್ನ ಕಂಪ್ಯೂಟರಿನಲ್ಲಿ ಒಂದು ಫೋಲ್ಡರ್ ಮಾಡಿಸಿ, ಅದನ್ನು ನಾಲ್ಕೂ ಕಡೆಯಿಂದ ತೆರೆಯುವ ಹಾಗೆ ಮಾಡಿದರು. ಹೆಸರೇನಿಡೋಣ ಎಂದಾಗ "ಜಗಲಿ ಅಂತ ಇಡಿ" ಎಂದರು. ಅವರ ಹಳೆಯ ಮನೆಗೆ ಜಗಲಿ ಇತ್ತಂತೆ. ಅಲ್ಲಿ ಇಟ್ಟದ್ದನ್ನು ಯಾರು ಬೇಕಾದರೂ ನೋಡಬಹುದು, ಬಳಸಬಹುದು. "ಎಲ್ರಿಗೂ ಬೇಕಾದ್ದು ಜಗಲೀಲಿಡಿ. ಮುಚ್ಚಿಡೋದು ಒಳಗಿಟ್ಕೊಳಿ. ಆಮೇಲೆ ಲೈನಣ್ಣ ಏಳ್ಳಿಲ್ಲ ಅನ್ಬ್ಯಾಡಿ" ಎಂದು ನಾಲ್ವರನ್ನೂ ನಿಲ್ಲಿಸಿ ಹೇಳಿದರು. ನಾವು ತಲೆಯಾಡಿಸಿದೆವು. ಹದಿನೈದೇ ದಿನಕ್ಕೆ ಅನು, ಲೈಬ್ರರಿಗೆ ಹೋಗಿದ್ದೆ ಎಂದು ಹೇಳಿದ ದಿನದ ನಂದಿಬೆಟ್ಟದ ಫೋಟೊಗಳನ್ನೆಲ್ಲ ಜಗಲಿಯಲ್ಲಿ ಸುರಿದಿದ್ದಳು. ಹರಿಕಥೆ ಹುಡುಕಲು ಹೋದ ಅತ್ತೆಗೆ ಮೊಮ್ಮಗಳು ಬೋಂಡಾ ತಿನ್ನುತ್ತಿರುವ ದರ್ಶನವಾಯಿತು. ಅತ್ತೆ ಯಾರಿಗೂ ಹೇಳಲಿಲ್ಲ. ಮೂರು ತಿಂಗಳು ಅದನ್ನೇ ಹಿಡಿದುಕೊಂಡು ಅವಳಿಂದ ಕಾಲು ಒತ್ತಿಸಿಕೊಂಡರು.

ವೈರಿನ ಕೆಲಸ ಮುಗಿದರೂ ಲೈನಣ್ಣ ಬರುವುದು ಮುಗಿಯಲಿಲ್ಲ. ಎರಡು ವಾರಕ್ಕೊಂದು ಶನಿವಾರ, ಹತ್ತು ಗಂಟೆಗೆ ಸರಿಯಾಗಿ, ಕಾಫಿಗೆ. ಕಾಫಿ ಕುಡಿದು, ಬಾಚಣಿಗೆ ತೆಗೆದು ತಲೆ ಬಾಚಿ, ನನ್ನ ಕಂಪ್ಯೂಟರಿನ ಮುಂದೆ ಕೂರುತ್ತಿದ್ದರು. ನಾನು ಹೇಳಿಕೊಟ್ಟ ಕನ್ನಡ ಟೈಪಿಂಗನ್ನು ಒಂದೇ ಬೆರಳಲ್ಲಿ ಕುಟ್ಟಿ, ಒಂದು ಸಾಲು ಏನೋ ಬರೆದು, ಅದಕ್ಕೆ 'ಪರೀಕ್ಷೆ' ಎಂದು ಹೆಸರು, ಮುಂದೆ ತಾರೀಖು ಕೊಟ್ಟು ಜಗಲಿಗೆ ಹಾಕುತ್ತಿದ್ದರು. ಆಮೇಲೆ ಕಂಬದ ಮೇಲಿಂದ ಕೂಗುವವರ ಹಾಗೆ ಕೂಗುತ್ತಿದ್ದರು.

"ಕಾಣ್ತಾ?"

ಮಲಗುವ ಕೋಣೆಯಿಂದ ಯಜಮಾನರು "ಕಾಣ್ತು!" ಎನ್ನಬೇಕು. ಮಹಡಿಯಿಂದ ಅನು "ಕಾಣ್ತು!" ಎನ್ನಬೇಕು. ಅತ್ತೆಯದು ಯಾವಾಗಲೂ ಕೊನೆಗೆ: "ಇರಪ್ಪಾ, ಕನ್ನಡಕ!... ಹ್ಞಾಂ, ಕಾಣ್ತು." ಮೂರೂ ಉತ್ತರ ಬಂದ ಮೇಲೆಯೇ ಅವರು ಏಳುತ್ತಿದ್ದುದು. ಯಾರೂ ಆ ಫೈಲನ್ನು ತೆರೆದು ಓದುತ್ತಿರಲಿಲ್ಲ. ಹೆಸರು ಕಂಡರೆ ಸಾಕಿತ್ತು. ಅವರು ಗೇಟು ದಾಟುವ ಹೊತ್ತಿಗೆ ನಾನು ಅದನ್ನು ಅಳಿಸಿ ಹಾಕುತ್ತಿದ್ದೆ. ನನ್ನ ಜಗಲಿಯಲ್ಲಿ ಕಸ ಬಿದ್ದಿದ್ದರೆ ನನಗಾಗದು.

ಇನ್ನೊಂದು ಅಭ್ಯಾಸವೂ ಇತ್ತು. ಏಳುವ ಮೊದಲು ಜಗಲಿಯಲ್ಲಿದ್ದುದನ್ನೆಲ್ಲ ತಮ್ಮದೊಂದು ಪೆನ್‌ಡ್ರೈವಿಗೆ ತುಂಬಿಕೊಂಡು, ಅದನ್ನು ತೊಳೆದ ಮೊಸರಿನ ಪ್ಯಾಕೆಟ್ಟಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಮೊದಲ ಸಲ ಕೇಳಿದಾಗ, "ಎಪ್ಪು ಕಣಮ್ಮ" ಎಂದರು. "ಮೊಸ್ರೆಲ್ಲ ಉಂಡ್ಬುಟ್ರೆ ನಾಳಿಕ್ಕೆ ಏನಾಕ್ತೀಯಾ? ಒಂದು ಚಮಚ ಎತ್ತಿಡ್ಬೇಕು." ಅವರ ಮನೆಯಲ್ಲಿ ಒಂದು ಬಿಸ್ಕತ್ ಡಬ್ಬಿ ತುಂಬ ಬೀದಿಯ ಎಷ್ಟೋ ಮನೆಗಳ ಹೆಪ್ಪು ಇತ್ತು.

ನನಗೆ ಅದರ ಬಗ್ಗೆ ತಕರಾರಿರಲಿಲ್ಲ, ಮೇಡಂ ಅವರ ಪುಸ್ತಕ ಬರುವವರೆಗೆ. ಬಾಗಲಗುಂಟೆಯಲ್ಲಿದ್ದ ಈ ಮೇಡಂ ನಿವೃತ್ತ ಶಿಕ್ಷಕಿ. ಜೀವನವಿಡೀ ಕೂಡಿಹಾಕಿದ ಚಟ್ನಿ, ಗೊಜ್ಜು, ತೊಕ್ಕು, ಉಪ್ಪಿನಕಾಯಿಗಳನ್ನು ಪುಸ್ತಕ ಮಾಡಿಸುತ್ತಿದ್ದರು. ಎಪ್ಪತ್ತೈದನೆಯ ಹುಟ್ಟುಹಬ್ಬಕ್ಕೆ ಹಳೆಯ ವಿದ್ಯಾರ್ಥಿನಿಯರೆಲ್ಲ ಸೇರಿ ಬಿಡುಗಡೆ ಇಟ್ಟುಕೊಂಡಿದ್ದರು. ಮೇಡಂಗೆ ಒಂದೇ ಭಯ. ಬಿಡುಗಡೆಗೆ ಮುಂಚೆ ತಮ್ಮ ನೆಲ್ಲಿಕಾಯಿ ತೊಕ್ಕಿನ ಗುಟ್ಟು ಹೊರಗೆ ಹೋಗಿಬಿಟ್ಟರೆ? "ನಿಮ್ಮ ಮನೆ ಹೊಸಲು ದಾಟಬಾರದು" ಎಂದು ನನ್ನಿಂದ ಕೈಮೇಲೆ ಕೈ ಹಾಕಿಸಿಕೊಂಡಿದ್ದರು. ಐದು ತಿಂಗಳು ಕೆಲಸ ಮಾಡಿದೆ. ಆಕೆ ನನ್ನ ಪಕ್ಕದಲ್ಲೇ ಕೂತು, ಬಾಯಲ್ಲೇ ಹೇಳಿ, ತೆರೆಯ ಮೇಲೆಯೇ ತಿದ್ದಿಸಿದ್ದು ಎಷ್ಟೋ. ಅದಕ್ಕೆಲ್ಲ ಕಾಗದದ ಮೇಲೆ ಗುರುತಿಲ್ಲ.

ಹಾಗಾಗಿ ಪುಸ್ತಕ ಶುರುವಾದ ಮೇಲೆ ಬಂದ ಮೊದಲ ಶನಿವಾರ ಲೈನಣ್ಣ ಮೊಸರಿನ ಪ್ಯಾಕೆಟ್ಟು ತೆಗೆದಾಗ ನಾನು ಸಿಡಿದೆ. "ಅಣ್ಣ, ಈ ಪುಸ್ತಕ ಮಾತ್ರ ಬೇಡ. ಮನೆಯಿಂದ ಆಚೆ ಹೋಗಕೂಡದು ಅಂತ ಮಾತು ಕೊಟ್ಟಿದ್ದೀನಿ. ಜನರ ವಸ್ತುನ ಹಿಂಗೆಲ್ಲ ಜೇಬಿಗೆ ಹಾಕ್ಕೊಂಡ್ ಹೋಗೋದು ಸರಿಯಲ್ಲ." ಹೇಳಿದ ಧಾಟಿ ಚೆನ್ನಾಗಿರಲಿಲ್ಲ, ಒಪ್ಪಿಕೊಳ್ಳುತ್ತೇನೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಮನೆಯಿಂದಾಚಿಕ್ಕೆ ಓಗ್ಬಾರ್ದು. ಆಯ್ತು ಬುಡಮ್ಮ" ಎಂದರು. ಅಷ್ಟೇ.

ಆಯುಧಪೂಜೆ ಗುರುವಾರ ಬಂತು. ಪುಸ್ತಕ ಸೋಮವಾರ ಪ್ರೆಸ್ಸಿಗೆ ಹೋಗಬೇಕಿತ್ತು. ನಮ್ಮ ಯಜಮಾನರಿಗೆ ಹಬ್ಬವೆಂದರೆ ಶುಚಿ. ಬೆಳಗ್ಗೆ ಎದ್ದು ಸ್ಕೂಟರ್ ತೊಳೆದರು, ಫ್ಯಾನಿನ ರೆಕ್ಕೆ ಒರೆಸಿದರು, ಕಂಪ್ಯೂಟರಿನ ಕೀಲಿಗಳ ಸಂದಿಯ ಧೂಳನ್ನು ಹಳೆಯ ಬ್ರಶ್ಶಿನಿಂದ ಉಜ್ಜಿದರು. ಅಷ್ಟಕ್ಕೇ ನಿಲ್ಲಿಸಬಾರದಿತ್ತೇ? ಪೂಜೆಗೆ ಕೂರುವ ಲ್ಯಾಪ್‌ಟಾಪು ಒಳಗೂ ಚೊಕ್ಕಟವಾಗಿರಲಿ ಎಂದು ಕೂತರು. ಜಗಲಿ ತೆರೆದರು. ಮೇಡಂ ಪುಸ್ತಕದ ಫೋಲ್ಡರು ಅಲ್ಲಿತ್ತು. 'ಇದು ನಾಲ್ಕು ಕಂಪ್ಯೂಟರಿನಲ್ಲಿಯೂ ಇದೆಯಲ್ಲ, ನನ್ನದೊಂದನ್ನು ತೆಗೆದರೆ ಇನ್ನೂ ಮೂರಿರುತ್ತವೆ' ಎಂದುಕೊಂಡು ಅಳಿಸಿದರು. ಖಾಯಂ ಆಗಿ ಅಳಿಸಲೇ ಎಂದು ಅದು ಕೇಳಿತಂತೆ. ಪುಣ್ಯಾತ್ಮರು ಹೌದು ಎಂದರಂತೆ.

ಪೂಜೆಗೆ ಮುಂಚೆ ಒಂದು ಪುಟ ನೋಡೋಣವೆಂದು ನಾನು ಕೂತೆ. ಜಗಲಿಯಲ್ಲಿ ಹರಿಕಥೆ ಇತ್ತು, ನಂದಿಬೆಟ್ಟ ಇತ್ತು, ಪುಸ್ತಕ ಇರಲಿಲ್ಲ. ಕಸದ ಬುಟ್ಟಿಯಲ್ಲೂ ಇರಲಿಲ್ಲ. ಇನ್ನೊಂದು ಕೋಣೆಯಿಂದ ಅಳಿಸಿದ್ದು ಬುಟ್ಟಿಗೆ ಬೀಳುವುದಿಲ್ಲ ಎಂಬ ಸತ್ಯ ಆವತ್ತು ಕಲಿತೆ. ಯಜಮಾನರನ್ನು ಕೂಗಿದೆ. ಯಜಮಾನರು ಪೊರಕೆ ಹಿಡಿದು ಬಂದು, "ನನ್ನದರಲ್ಲಿ ಇದ್ದಿದ್ದನ್ನ ತೆಗ್ದೆ ಅಷ್ಟೇ, ನಿನ್ನದರಲ್ಲಿ ಇರುತ್ತಲ್ಲ?" ಎಂದರು. ನಾನು ಅವರಿಗೆ ಏನೆಂದೆ ಎಂಬುದನ್ನು ಇಲ್ಲಿ ಬರೆಯಲಾರೆ. ಹಬ್ಬದ ದಿನ ಆಡುವ ಮಾತಲ್ಲ.

ಆ ಸಿಟ್ಟಿನಲ್ಲೇ ಲೈನಣ್ಣನಿಗೆ ಫೋನ್ ಮಾಡಿದೆ. "ನಿಮ್ಮ ಜಗಲಿ ನನ್ನ ಪುಸ್ತಕ ನುಂಗಿಬಿಡ್ತು! ಐದು ತಿಂಗಳ ಕೆಲಸ! ಆ ಮೇಡಂಗೆ ಯಾವ ಮುಖ ತೋರಿಸ್ಲಿ?" ಎನ್ನುತ್ತ ಅತ್ತೇಬಿಟ್ಟೆ. ಅವರು ಎರಡು ಮಾತು ಹೇಳಿದರು. "ಯಾರೂ ಏನೂ ಮುಟ್ಬ್ಯಾಡಿ. ಬಂದೆ."

ಬಂದರು. ಹಣೆಗೆ ವಿಭೂತಿ, ಹೊಸ ಪಂಚೆ, ಕೈ ಖಾಲಿ. ಯಜಮಾನರ ಮುಖ ನೋಡಿ ಮೊದಲು ಅವರನ್ನೇ ಸಮಾಧಾನ ಮಾಡಿದರು. "ಒಂದು ಬಾವಿಗೆ ನಾಕು ಕಡೆಯಿಂದ ಮೆಟ್ಲು ಸಾಮಿ. ನಾಕು ಬಾವಿ ಅಲ್ಲ. ನೀವು ನಿಮ್ಮ ಮೆಟ್ಲು ಇಳ್ದು ಬಾವೀನೇ ಬತ್ತಿಸ್ಬುಟ್ರಿ, ಅಷ್ಟೇಯ." ಆಮೇಲೆ ನನ್ನ ಕಡೆ ತಿರುಗಿದರು. "ಮನೆಯಿಂದಾಚಿಕ್ಕೆ ಓಗ್ಬಾರ್ದು ಅಂದೆ. ಓಗಿಲ್ಲ ಕಣಮ್ಮ."

ದೇವರ ಮನೆಯ ಬಾಗಿಲ ಮೇಲೆ ಹೋಗಿದ್ದ ಬಿಳಿ ಪಟ್ಟಿಯನ್ನು ತೋರಿಸಿದರು. ಹೆಪ್ಪು ಅದರೊಳಗಿತ್ತು! ನಾನು ಬೈದ ಶನಿವಾರದಿಂದ ಪೆನ್‌ಡ್ರೈವನ್ನು ಜೇಬಿಗೆ ಹಾಕದೆ, ನಾನು ಲೋಟ ತೊಳೆಯಲು ಹೋದಾಗ ಗೋಡೆಯ ಪಟ್ಟಿಯೊಳಗೆ ಇಟ್ಟು ಮುಚ್ಚಿ ಹೋಗುತ್ತಿದ್ದರಂತೆ.

"ತೆಗೀರಿ ಅಣ್ಣ, ಬೇಗ!"

"ಎಂಗ್ ತೆಗೀಲಿ? ಸ್ಕ್ರೂಡ್ರೈವರು, ಕಟಿಂಗ್ ಪ್ಲೇಯರು ಎಲ್ಲ ಪೂಜೆಗೆ ಕುಂತವೆ. ಇವತ್ತು ಎಬ್ಬಿಸ್ಬಾರ್ದು."

ನಾನು ಚಾಕು ತರಲು ಓಡಿದೆ. ಚಾಕುವಿಗೆ ಅತ್ತೆ ಆಗಲೇ ಕುಂಕುಮ ಇಟ್ಟಿದ್ದರು. ಈಳಿಗೆಮಣೆ, ಕತ್ತರಿ, ದೋಸೆ ಮಗುಚುವ ಕೈ, ತೆಂಗಿನಕಾಯಿ ತುರಿಯುವ ಮಣೆ, ಎಲ್ಲವೂ ಹೂ ಮುಡಿದುಕೊಂಡು ದೇವರ ಮುಂದೆ ಸಾಲಾಗಿ ಕೂತಿದ್ದವು. ಅತ್ತೆ ಅಡ್ಡ ನಿಂತರು. "ಪುಸ್ತಕ ಹೋದ್ರೆ ಹೋಗ್ಲಿ, ಪೂಜೆಗೆ ಇಟ್ಟಿದ್ದನ್ನ ಮುಟ್ಟಕೂಡದು." ಲೈನಣ್ಣ ಪಟ್ಟಿಯ ಉದ್ದಕ್ಕೂ ಬೆರಳಾಡಿಸಿದರು. ನಿಧಾನವಾಗಿ ಜೇಬಿಗೆ ಕೈ ಹಾಕಿ ಬಾಚಣಿಗೆ ತೆಗೆದರು. ಅದಕ್ಕೆ ಯಾರೂ ಕುಂಕುಮ ಇಟ್ಟಿರಲಿಲ್ಲ. ಅದರ ತುದಿಯನ್ನು ಪಟ್ಟಿಯ ಸಂದಿಗೆ ಕೊಟ್ಟು ಮೀಟಿದರು. ಎರಡು ಹಲ್ಲು ಮುರಿದವು. ಮೊಸರಿನ ಪ್ಯಾಕೆಟ್ಟು ನನ್ನ ಕೈಗೆ ಬಿತ್ತು.

ಆದರೆ ಅದನ್ನು ಹಾಕಿ ನೋಡಲು ಕಂಪ್ಯೂಟರ್ ಬೇಕಲ್ಲ! ನಾಲ್ಕಕ್ಕೂ ಅತ್ತೆ ಚೆಂಡುಹೂವಿನ ಹಾರ ಹಾಕಿ ಆಗಿತ್ತು. ನಾನು ಲೈನಣ್ಣನ ಮುಖ ನೋಡಿದೆ. ಅವರು ಅತ್ತೆಯ ಪಕ್ಷ ಸೇರಿದರು. "ನಾಳೆ ಬೆಳಿಗ್ಗೆ ನೋಡವಾ. ಇವತ್ತು ಅದ್ನೂ ಪೂಜೆಗಿಡು." ಹೀಗೆ ಮೇಡಂ ಅವರ ನೂರೆಂಬತ್ತು ಚಟ್ನಿಗಳು ಮೊಸರಿನ ಪ್ಯಾಕೆಟ್ಟಿನಲ್ಲಿ ಸುತ್ತಿಕೊಂಡು, ಈಳಿಗೆಮಣೆಯ ಪಕ್ಕ ಕೂತು ಮಂಗಳಾರತಿ ತೆಗೆದುಕೊಂಡವು. ನಾನು ಆ ದಿನ ಮಾಡಿದಷ್ಟು ಭಕ್ತಿಯ ನಮಸ್ಕಾರವನ್ನು ಮುಂಚೆ ಯಾವತ್ತೂ ಮಾಡಿರಲಿಲ್ಲ. ಊಟಕ್ಕೆ ಕೂತಾಗಲೂ ನನ್ನ ಕಣ್ಣು ದೇವರ ಮನೆಯ ಕಡೆಗೇ. ಯಜಮಾನರು ಹೋಳಿಗೆಯನ್ನು ಎರಡನೆಯ ಸಲ ಕೇಳುವ ಧೈರ್ಯ ಮಾಡಲಿಲ್ಲ.

ವಿಜಯದಶಮಿಯ ಬೆಳಗ್ಗೆ ಹಾರ ತೆಗೆದು ನೋಡಿದರೆ ಪುಸ್ತಕ ಇತ್ತು. ಪೂರ್ತಿಯಲ್ಲ. ಲೈನಣ್ಣ ಕೊನೆಯ ಸಲ ಬಂದ ಶನಿವಾರದವರೆಗಿನದು. ಅದಾದ ಮೇಲೆ ಮೇಡಂ ಪಕ್ಕದಲ್ಲಿ ಕೂತು ತಿದ್ದಿಸಿದ ಹನ್ನೆರಡು ದಿನಗಳ ಕೆಲಸ ಹೋಗಿತ್ತು. ನಾನು ಮೇಡಂಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ತೊಕ್ಕು ಹೊಸಲು ದಾಟಿಲ್ಲ ತಾನೇ?" ಎಂದರು. ಇಲ್ಲ ಎಂದೆ. "ಹಾಗಾದ್ರೆ ಬರ್ತೀನಿ, ಎಲ್ಲ ನೆನಪಿದೆ" ಎಂದು ಆಟೋ ಹತ್ತಿದರು.

ಆ ಮೂರು ದಿನಗಳನ್ನು ನೆನೆದರೆ ಈಗಲೂ ಖುಷಿಯಾಗುತ್ತದೆ. ಮೇಡಂ ನಡುಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತು ಗಟ್ಟಿಯಾಗಿ ಹೇಳುವುದು, ನಾಲ್ಕು ಕೋಣೆಗಳಲ್ಲಿ ನಾಲ್ವರು ತಿದ್ದುವುದು. ಚಟ್ನಿ ಅನುವಿಗೆ, ಗೊಜ್ಜು ನನಗೆ, ತೊಕ್ಕು ಅತ್ತೆಗೆ. ತಪ್ಪಿತಸ್ಥರಿಗೆ ಉಪ್ಪಿನಕಾಯಿ, ಅದೇ ಎಲ್ಲಕ್ಕಿಂತ ಉದ್ದದ ಅಧ್ಯಾಯ. ಅತ್ತೆ ಟೈಪ್ ಮಾಡುತ್ತಿರಲಿಲ್ಲ, ಓದಿ ತಪ್ಪು ಹಿಡಿಯುತ್ತಿದ್ದರು. "ಮೆಂತ್ಯ ಇಷ್ಟು ಹಾಕಿದ್ರೆ ಕಹಿಯಾಗುತ್ತೆ ಮೇಡಂ" ಎಂದು ಒಳಗಿನಿಂದ ಕೂಗುವುದು, ಮೇಡಂ "ಹುರಿದು ಹಾಕಿ ನೋಡ್ರೀ, ಆಮೇಲೆ ಹೇಳಿ" ಎಂದು ತಿರುಗಿ ಕೂಗುವುದು. ಒಬ್ಬೊಬ್ಬರು ಮುಗಿಸಿದ್ದು ಜಗಲಿಗೆ ಬಂದು ಬೀಳುತ್ತಿತ್ತು. ಲೈನಣ್ಣ ದಿನವೂ ಬಂದು, ಹಲ್ಲು ಮುರಿದ ಬಾಚಣಿಗೆಯಲ್ಲೇ ತಲೆ ಬಾಚಿ, ಕೋಣೆಯಿಂದ ಕೋಣೆಗೆ ಓಡಾಡಿ, "ಕಾಣ್ತಾ?" ಎಂದು ಕೂಗುತ್ತಿದ್ದರು. ಪುಸ್ತಕ ಸೋಮವಾರವೇ ಪ್ರೆಸ್ಸಿಗೆ ಹೋಯಿತು. ಬಿಡುಗಡೆಯ ದಿನ ಮೇಡಂ ಲೈನಣ್ಣನನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಒಂದು ಬಾಟಲಿ ನೆಲ್ಲಿಕಾಯಿ ತೊಕ್ಕು ಕೊಟ್ಟರು.

ನಾನು ಬೈದದ್ದಕ್ಕೆ ಕ್ಷಮೆ ಕೇಳಿದೆ. ಹೆಪ್ಪನ್ನು ಇನ್ನು ಮೇಲೆ ಮನೆಗೇ ಒಯ್ಯಿರಿ ಎಂದೆ. ಅವರು ಒಪ್ಪಲಿಲ್ಲ. "ಇಲ್ಲೇ ಇರ್ಲಿ ಕಣಮ್ಮ. ಆದ್ರೆ ಜಾಗ ಬದಲಾಯಿಸ್ತೀನಿ. ಎಪ್ಪು ಎಲ್ಲೈತೆ ಅಂತ ಗೊತ್ತಾದ್ರೆ ಮಕ್ಳು ನೆಕ್ಬುಡ್ತಾವೆ" ಎನ್ನುತ್ತ ಯಜಮಾನರ ಕಡೆ ನೋಡಿ ನಕ್ಕರು. ಎಲ್ಲಿಟ್ಟರು ಎಂದು ಕೇಳಿದರೆ ಹೇಳುತ್ತಿರಲಿಲ್ಲ.

ಹೋದ ವರ್ಷ ಶಿವರಾತ್ರಿ ಕಳೆದ ಮೇಲೆ ಲೈನಣ್ಣ ಹೋದರು. ಮಂಡಿ ನೋವೊಂದು ಬಿಟ್ಟರೆ ಬೇರೆ ಕಾಯಿಲೆ ಇರಲಿಲ್ಲ. ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ನಾನು ಅತ್ತೆ, ತುಂಬಾ ಅತ್ತೆ. ನನ್ನ ಅತ್ತೆಯೂ ಅತ್ತರು, ಸೊಸೆಯರಿಗೆ ಸಡಿಲ ಬಿಡಬೇಕೆಂದ ಮಾತಿಗೆ ಮುನಿಸಿಕೊಂಡಿದ್ದವರು. ಕೆಲವು ದಿನಗಳಾದ ಮೇಲೆ ಹೆಪ್ಪು ನೆನಪಾಗಿ ಮನೆಯ ಪಟ್ಟಿಗಳನ್ನೆಲ್ಲ ತಟ್ಟಿ ನೋಡಿದೆವು. ಸಿಗಲಿಲ್ಲ. ಪಟ್ಟಿಯನ್ನೆಲ್ಲ ಕಿತ್ತು ಹಾಕಲು ಯಾರಿಗೂ ಮನಸ್ಸಾಗಲಿಲ್ಲ. ಹದಿನೈದು ದಿನಕ್ಕೊಮ್ಮೆ ಶನಿವಾರ ಹತ್ತು ಗಂಟೆಗೆ ನಾನು ಒಂದು ಲೋಟ ಕಾಫಿ ಜಾಸ್ತಿ ಮಾಡುವುದು, ಆಮೇಲೆ ನಾನೇ ಕುಡಿಯುವುದು ಬಹಳ ದಿನ ನಡೆಯಿತು.

ಕಳೆದ ತಿಂಗಳು ಬಂದ ಆ ವೈಫೈ ಮನುಷ್ಯ ಗೋಡೆಯನ್ನು ಹೊಗಳಿದ ಮೇಲೆ ಕೆಲಸಕ್ಕೆ ಇಳಿದ. "ಇನ್ನು ಈ ವೈರೆಲ್ಲ ಬೇಕಾಗಲ್ಲ ಮೇಡಂ, ತೆಗೆದುಬಿಡ್ತೀನಿ" ಎಂದು ಅತ್ತೆಯ ಬಾಗಿಲ ಮೂಲೆಯಿಂದ ಶುರು ಮಾಡಿದ. ಪಟ್ಟಿ ಬಿಚ್ಚಿದ ಕೂಡಲೇ, ಸೊಸೆಯರಿಗೆ ಬಿಟ್ಟ ಹಾಗೆ ಬಿಟ್ಟಿದ್ದ ಆ ವೈರಿನ ಸುತ್ತಿನ ನಡುವಿನಿಂದ ಏನೋ ಕೆಳಗೆ ಬಿತ್ತು. ಮೊಸರಿನ ಪ್ಯಾಕೆಟ್ಟು.

ಆತನನ್ನು ಅಲ್ಲೇ ನಿಲ್ಲಿಸಿ ಓಡಿಹೋಗಿ ಕಂಪ್ಯೂಟರಿಗೆ ಹಾಕಿದೆ. ಜಗಲಿ ಪೂರ್ತಿ ಇತ್ತು, ಅವರು ಕೊನೆಗೆ ಬಂದ ಶನಿವಾರದ್ದು. ಅದರ ಜೊತೆಗೆ ನಾನು ಪ್ರತಿ ಸಲ ಅಳಿಸಿ ಹಾಕುತ್ತಿದ್ದ 'ಪರೀಕ್ಷೆ'ಗಳೆಲ್ಲ ಸಾಲಾಗಿ ಕೂತಿದ್ದವು. ಒಂದೊಂದರಲ್ಲಿ ಒಂದೊಂದು ಸಾಲು. ಅಷ್ಟು ವರ್ಷ ನಾವ್ಯಾರೂ ತೆರೆದು ಓದದಿದ್ದುದನ್ನು ಮೊದಲ ಸಲ ಓದಿದೆ.

'ಇವತ್ತು ಕಾಫಿಗೆ ಚಿಕೋರಿ ಜಾಸ್ತಿ.'

'ಉಪ್ಪಿಟ್ಟಿಗೆ ಉಪ್ಪಿಲ್ಲ. ಹೇಳಿಲ್ಲ.'

'ಅಕ್ಕ ನನ್ನ ಕೂಡೆ 6 ದಿನದಿಂದ ಮಾತು ಬಿಟ್ಟವರೆ. ಕಾಣ್ತು ಅಂತ ಮಾತ್ರ ಹೇಳ್ತವರೆ. ಸಾಕು.'

'ಪಾಪ ಆಯಮ್ಮ ಬೈದಿದ್ದು ಸರಿಯಾಗೇ ಐತೆ. ಮಾತು ಕೊಟ್ಟವಳು.'

'ನಾಕು ರೂಮಲ್ಲಿ ನಾಕು ಜನ ಒಂದೇ ಪುಸ್ತಕ ಮಾಡ್ತಾವರೆ. ಎಳೆದ ವೈರು ಸಾರ್ಥಕ.'

'ಚಿಕೋರಿ ಇನ್ನೂ ಜಾಸ್ತಿ.'

ನಗುತ್ತ ಓದುತ್ತಿದ್ದೆ. ಕಣ್ಣು ಒರೆಸಿಕೊಳ್ಳುತ್ತಲೂ ಇದ್ದೆ. ಕೊನೆಯದು ಸ್ವಲ್ಪ ಉದ್ದಕ್ಕಿತ್ತು. ಒಂದೇ ಬೆರಳಲ್ಲಿ ಅಷ್ಟು ಕುಟ್ಟಲು ಎಷ್ಟು ಹೊತ್ತು ಹಿಡಿಯಿತೋ.

'ಮಂಡಿ ಕೇಳಕ್ಕಿಲ್ಲ ಅಂತೈತೆ. ನಾನು ಬರದೆ ಇದ್ರೂ ಒಂದೊಂದ್ ಸಲ ಕೂಗಿ ನೋಡ್ತಿರಿ. ಕೂಗದೆ ಇದ್ರೆ ಲೈನ್ ಓಗಿರೋದು ಗೊತ್ತಾಗಕ್ಕಿಲ್ಲ.'

ಎದ್ದು ಹೋಗಿ ಆ ಮನುಷ್ಯನಿಗೆ, "ನಿಮ್ಮ ಪೆಟ್ಟಿಗೆ ಕೂರಿಸಿ ಹೋಗಿ. ಈ ವೈರು ಮುಟ್ಟಬೇಡಿ. ಆ ಪಟ್ಟಿಯನ್ನ ಹೆಂಗಿತ್ತೋ ಹಂಗೇ ಮುಚ್ಚಿ" ಎಂದೆ. ಅವನಿಗೂ ಅದೇ ಬೇಕಿತ್ತು ಎನಿಸುತ್ತದೆ, ಜೋಪಾನವಾಗಿ ಮುಚ್ಚಿದ. ಆಮೇಲೆ ಬಂದು ಪರೀಕ್ಷೆಗಳನ್ನೆಲ್ಲ ಜಗಲಿಗೆ ಹಾಕಿದೆ. ಗಂಟಲು ಸರಿಮಾಡಿಕೊಂಡು, ಕಂಬದ ಮೇಲಿಂದ ಕೂಗುವ ಹಾಗೆ ಕೂಗಿದೆ.

"ಕಾಣ್ತಾ?"

ಮಹಡಿಯಿಂದ ಅನುವಿನ ದನಿ ಬಂತು: "ಕಾಣ್ತು!" ಮಲಗುವ ಕೋಣೆಯಿಂದ ಯಜಮಾನರದು ಬಂತು: "ಕಾಣ್ತು ಕಣೇ!"

"ಇರೇ, ಕನ್ನಡಕ!" ಎಂದರು ಅತ್ತೆ. ಕಾದೆ. ಅವರು ಹೆಸರು ನೋಡಿ ಬಿಡಲಿಲ್ಲ, ತೆರೆದು ಓದುತ್ತಿದ್ದರು ಎಂದು ಕಾಣುತ್ತದೆ. ಬಹಳ ಹೊತ್ತಾಯಿತು. ಆಮೇಲೆ ಮೂಗು ಸೇದಿದ ಸದ್ದು ಕೇಳಿಸಿತು.

"ಹ್ಞಾಂ, ಕಾಣ್ತು. ನೋಡ್ದಾ, ಚಿಕೋರಿ ಜಾಸ್ತಿ ಅಂತ ನಾನೂ ಮೊದಲಿಂದ ಹೇಳ್ತಾನೇ ಇದ್ದೀನಿ!"